ಹದಿನೆಂಟು ಸಾವಿರದಲ್ಲಿ ಎಷ್ಟನ್ನು ಕಳೆಯಬೇಕು?

ಒಂಟಾರಿಯೋದ ಬರ್ಲಿಂಗ್ಟನ್ನಿನ ಕನ್ನಡದ ಮನೆಗಳಲ್ಲಿ ಹಬ್ಬದ ಊಟಕ್ಕೆ ಸೇರಿದಾಗ ಈಗ ಹೀಟ್ ಪಂಪಿನ ಮಾತೂ ಬರುತ್ತದೆ. ಹಳೆಯ ಮನೆ ಕೊಂಡವರ ಫರ್ನೇಸಿಗೆ ವಯಸ್ಸಾಗಿದೆ, ಎಸಿ ಬೇಸಿಗೆಗೊಮ್ಮೆ ಕೈಕೊಡುತ್ತದೆ. “ಹದಿನೆಂಟು ಸಾವಿರ ಡಾಲರ್ ಅಂತೆ ಕಣ್ರೀ, ಅದು ನಮ್ಮಂಥವರಿಗಲ್ಲ” ಎಂದು ಒಬ್ಬರು. “ಸರ್ಕಾರವೇ ಕೊಡುತ್ತದಂತೆ, ನಮ್ಮ ಕೈಯಿಂದ ಏನೂ ಇಲ್ಲ” ಎಂದು ಇನ್ನೊಬ್ಬರು. ಎರಡೂ ತಪ್ಪು. ಎರಡನೆಯದನ್ನು ನಂಬಿದವರು ಮೊದಲನೆಯದನ್ನು ನಂಬಿದವರಿಗಿಂತ ಹೆಚ್ಚು ಕಳೆದುಕೊಂಡಿದ್ದಾರೆ.

ಬೆಲೆಯ ಮಾತು ಮೊದಲು. ಹೀಟ್ ಪಂಪ್ ಎಂದರೆ ಎರಡೂ ದಿಕ್ಕಿಗೆ ಓಡುವ ಎಸಿ. ಬೇಸಿಗೆಯಲ್ಲಿ ಮನೆಯೊಳಗಿನ ಬಿಸಿಯನ್ನು ಹೊರಕ್ಕೆ ಸಾಗಿಸುತ್ತದೆ, ಚಳಿಗಾಲದಲ್ಲಿ ಹೊರಗಿನ ಗಾಳಿಯಲ್ಲಿ ಉಳಿದಿರುವ ಬಿಸಿಯನ್ನು ಒಳಕ್ಕೆ ತರುತ್ತದೆ. ಅದನ್ನು ಕೂರಿಸಿದ ಮನೆಗೆ ಬೇರೆ ಎಸಿ ಬೇಕಿಲ್ಲ. ಆದ್ದರಿಂದ ಕೋಟೇಶನ್ನಿನ ಕೊನೆಯಲ್ಲಿರುವ ಅಂಕಿ ಪೂರಾ ಹೊಸ ಖರ್ಚಲ್ಲ. ಕಡು ಚಳಿಗೆ ಆಸರೆಯಾಗುವ ಎಲೆಕ್ಟ್ರಿಕ್ ಕಾಯಿಲ್ ಸೇರಿ ಹೀಟ್ ಪಂಪ್ 18,000 ಎಂದಿಟ್ಟುಕೊಳ್ಳಿ. ಹೇಗೂ ಬದಲಿಸಲೇಬೇಕಿದ್ದ ಫರ್ನೇಸ್ ಮತ್ತು ಎಸಿಗೆ 10,000 ಆಗುತ್ತಿತ್ತು ಎಂದುಕೊಳ್ಳಿ. ನೀವು ನಿಜಕ್ಕೂ ತೂಗಬೇಕಾದದ್ದು ಮಿಕ್ಕ 8,000ವನ್ನು. ಇದೇ ಲೆಕ್ಕ ತಿರುಗಿಯೂ ನಿಲ್ಲುತ್ತದೆ: ನಿಮ್ಮ ಎಸಿ, ಫರ್ನೇಸ್ ಎರಡೂ ಮೂರೇ ವರ್ಷ ಹಳೆಯವಾದರೆ ಕಳೆಯಲು ಏನೂ ಇಲ್ಲ. ಆಗ ಹಣದ ದೃಷ್ಟಿಯಿಂದ ಕಾಯುವುದೇ ಸರಿ. ಬಾಯಿಮಾತಿನಲ್ಲಿ ಹೇಳುವ ದರದಲ್ಲಿ 13% ಎಚ್‌ಎಸ್‌ಟಿ ಸಾಮಾನ್ಯವಾಗಿ ಸೇರಿರುವುದಿಲ್ಲ ಎಂಬುದೂ ನೆನಪಿರಲಿ. 18,000ದ ಮೇಲೆ ಅದು 2,340.

“ಸರ್ಕಾರವೇ ಕೊಡುತ್ತದೆ” ಎಂಬುದು ಹುಟ್ಟಿದ್ದು ಸುಳ್ಳಿನಿಂದಲ್ಲ, ಹಳೆಯ ಸುದ್ದಿಯಿಂದ. ಕೆನಡಾದ ಕೇಂದ್ರ ಸರ್ಕಾರದ ಗ್ರೀನರ್ ಹೋಮ್ಸ್ ಅನುದಾನ 2021ರಲ್ಲಿ ಶುರುವಾಯಿತು, ಗರಿಷ್ಠ 5,000 ಡಾಲರ್. ಆಮೇಲೆ ಒಂಟಾರಿಯೋದಲ್ಲಿ ಎನ್‌ಬ್ರಿಡ್ಜ್ ಗ್ಯಾಸ್ ಜೊತೆ ಸೇರಿ ಆ ಮಿತಿ 10,000ಕ್ಕೆ ಏರಿತು. 2024ರ ಆರಂಭದಲ್ಲಿ ಎರಡೂ ಹೊಸ ಅರ್ಜಿಗಳಿಗೆ ಬಾಗಿಲು ಮುಚ್ಚಿದವು. ಕೇಂದ್ರದ 40,000ದವರೆಗಿನ ಬಡ್ಡಿಯಿಲ್ಲದ ಸಾಲವೂ 2025ರ ಅಕ್ಟೋಬರಿಗೆ ಮುಗಿಯಿತು. 2025ರ ಜನವರಿಯಲ್ಲಿ ಬಂದದ್ದು ಒಂಟಾರಿಯೋದ ಹೋಮ್ ರಿನೋವೇಶನ್ ಸೇವಿಂಗ್ಸ್ ಯೋಜನೆ. ಅದು ಶುರುವಾದಾಗಿನ ನಿಯಮದಂತೆ ಗ್ಯಾಸಿನಿಂದ ಬಿಸಿಯಾಗುವ ಮನೆಯ ಕೋಲ್ಡ್ ಕ್ಲೈಮೇಟ್ ಹೀಟ್ ಪಂಪಿಗೆ ಗರಿಷ್ಠ 2,000, ಕರೆಂಟಿನಿಂದ ಬಿಸಿಯಾಗುವ ಮನೆಗೆ 7,500. ಬರ್ಲಿಂಗ್ಟನ್ನಿನಲ್ಲಿ ನಮ್ಮವರ ಮನೆಗಳು ಬಹುತೇಕ ಗ್ಯಾಸಿನವು. ಹಾಗಾಗಿ ಆ ನಿಯಮ ಈಗಲೂ ಇದೆಯೇ ಎಂದು ನೋಡಿಕೊಂಡು ಮೇಲಿನ 8,000ದಿಂದ ಹೆಚ್ಚೆಂದರೆ ಎರಡು ಸಾವಿರ ಕಳೆಯಿರಿ, ಹತ್ತು ಸಾವಿರವನ್ನಲ್ಲ.

ಇನ್ನು “ಹಾಕಿಸಿದ ಮೇಲೆ ಬಿಲ್ ಅರ್ಧಕ್ಕಿಳಿಯುತ್ತದೆ” ಎಂಬ ಮಾತು. ಇದು ಕೆಲವರ ಮನೆಯಲ್ಲಿ ನಿಜ, ಅದಕ್ಕೇ ಇಷ್ಟು ಹರಡಿದೆ. ಒಂದು ಘನ ಮೀಟರ್ ಗ್ಯಾಸನ್ನು ಒಳ್ಳೆಯ ಫರ್ನೇಸಿನಲ್ಲಿ ಉರಿಸಿದರೆ ಸುಮಾರು 10 ಯೂನಿಟ್ ಕರೆಂಟಿನಷ್ಟು ಬಿಸಿ ಸಿಗುತ್ತದೆ. ಬೇಸ್‌ಬೋರ್ಡ್ ಹೀಟರ್ ಅಷ್ಟೇ ಬಿಸಿಗೆ 10 ಯೂನಿಟ್ಟನ್ನೂ ತಿನ್ನುತ್ತದೆ. ಹೀಟ್ ಪಂಪ್ ಬಿಸಿಯನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ ಅಷ್ಟೆ. ಹಾಗಾಗಿ ಹಿತವಾದ ಚಳಿಯಲ್ಲಿ ಮೂರೂಕಾಲು ಯೂನಿಟ್, ಕಡು ಚಳಿಯಲ್ಲಿ ಐದು ಯೂನಿಟ್ ಸಾಕು. ಬೇಸ್‌ಬೋರ್ಡ್ ಇರುವ ಮನೆಯಲ್ಲಿ ಬಿಸಿಮಾಡುವ ಖರ್ಚು ಅರ್ಧಕ್ಕಿಂತ ಕೆಳಗಿಳಿಯುವುದು ಹೀಗೆ. ಗ್ಯಾಸಿನ ಮನೆಯವರು ಮಾತ್ರ ತಮ್ಮದೇ ಎರಡು ಬಿಲ್ಲುಗಳನ್ನು ಮೇಜಿನ ಮೇಲೆ ಇಡಬೇಕು. ಬರ್ಲಿಂಗ್ಟನ್ ಹೈಡ್ರೋ ಬಿಲ್ಲಿನಿಂದ ಒಂದು ಯೂನಿಟ್ಟಿನ ದರ ತೆಗೆದು, ಇಡೀ ಚಳಿಗಾಲದ ಸರಾಸರಿ ಎಂದು ಹಿಡಿದು ಮೂರೂವರೆಯಿಂದ ಗುಣಿಸಿ, ಗ್ಯಾಸ್ ಬಿಲ್ಲಿನ ಒಂದು ಘನ ಮೀಟರಿನ ದರದ ಪಕ್ಕಕ್ಕಿಡಿ. 2025ರ ಏಪ್ರಿಲ್ 1ರಂದು ಇಂಗಾಲದ ಶುಲ್ಕ ಹೋದಾಗ ಗ್ಯಾಸ್ ಒಂದು ಘನ ಮೀಟರಿಗೆ 15.25 ಸೆಂಟ್ ಅಗ್ಗವಾಯಿತು. ಅದಕ್ಕೂ ಮೊದಲು ಮಾಡಿದ ಉಳಿತಾಯದ ಪಟ್ಟಿಯನ್ನು ಯಾರಾದರೂ ತೋರಿಸಿದರೆ ಪಕ್ಕಕ್ಕಿಡಿ. ಗ್ಯಾಸಿನ ಮನೆಯಲ್ಲಿ ಹೀಟ್ ಪಂಪಿಗೆ ನನ್ನ ಮತವಿದೆ, ಆದರೆ ಅದು ಹೊಗೆ ಕಡಿಮೆಯಾಗಲಿ ಎಂದು. ಬಿಲ್ ಇಳಿಯುತ್ತದೆಂಬ ಆಸೆಯೊಂದರಿಂದಲೇ ಯಾರೂ ಸಾಲ ಮಾಡಬಾರದು.

ಚಳಿಗೆ ನಿಲ್ಲುವುದಿಲ್ಲ ಎಂಬುದು ಹಳೆಯ ಯಂತ್ರಗಳ ಮಾತು. ನಾರ್ವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಹೀಟ್ ಪಂಪ್ ಇದೆ. ಒಂಟಾರಿಯೋ ಸರೋವರದ ದಡದ ನಮ್ಮೂರಿನಲ್ಲಿ ಯಂತ್ರದ ಅಳತೆಗೆ ಹಿಡಿಯುವ ಚಳಿ ಮೈನಸ್ 17ರ ಆಸುಪಾಸು. ಕೋಲ್ಡ್ ಕ್ಲೈಮೇಟ್ ಯಂತ್ರಗಳು ಮೈನಸ್ 25ರಲ್ಲೂ ಓಡುತ್ತವೆ.

“200 ಆಂಪಿಯರ್ ಪ್ಯಾನೆಲ್ ಇಲ್ಲದಿದ್ದರೆ ಆಗುವುದೇ ಇಲ್ಲ” ಎಂಬುದೂ ಎಲ್ಲ ಮನೆಗೂ ಹೊಂದುವ ಮಾತಲ್ಲ. ತೀವ್ರ ಚಳಿಗೆ ಹಳೆಯ ಗ್ಯಾಸ್ ಫರ್ನೇಸನ್ನೇ ಆಸರೆಯಾಗಿ ಉಳಿಸಿಕೊಂಡರೆ 100 ಆಂಪಿಯರ್ ಎಷ್ಟೋ ಮನೆಗೆ ಸಾಕಾಗುತ್ತದೆ. ದೊಡ್ಡ ಎಲೆಕ್ಟ್ರಿಕ್ ಕಾಯಿಲ್ ಹಾಕಿಸುವಾಗ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ನಿಂದ ಲೋಡ್ ಲೆಕ್ಕ ಮಾಡಿಸದೆ ಮುಂದುವರಿಯಬೇಡಿ. ಯಂತ್ರದ ಗಾತ್ರಕ್ಕೂ ಎಫ್280 ಎಂಬ ಲೆಕ್ಕವಿದೆ. ಬಂದವರು ಗೋಡೆ, ಕಿಟಕಿ, ಅಟ್ಟ ಯಾವುದನ್ನೂ ಅಳೆಯದೆ “ನಾಲ್ಕು ಟನ್ ಹಾಕೋಣ” ಎಂದರೆ ಅವರ ಕೋಟೇಶನ್ ತೆಗೆದುಕೊಳ್ಳಬೇಡಿ. ಅಗತ್ಯಕ್ಕಿಂತ ದೊಡ್ಡದಕ್ಕೆ ದುಡ್ಡೂ ಹೆಚ್ಚು, ಆಗಾಗ ನಿಂತು ಹೊರಡುವುದರಿಂದ ಸವಕಳಿಯೂ ಹೆಚ್ಚು. ಅಟ್ಟಕ್ಕೆ ಮೊದಲು ಇನ್ಸುಲೇಶನ್ ತುಂಬಿಸಿದರೆ ಚಿಕ್ಕ ಯಂತ್ರವೇ ಸಾಕಾದೀತು.

ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ ಬಾಡಿಗೆಯದು. “ಈಗ ಏನೂ ಕೊಡಬೇಡಿ, ತಿಂಗಳಿಗೆ 150 ಕೊಟ್ಟರೆ ಸಾಕು.” ಹದಿನೈದು ವರ್ಷಕ್ಕೆ ಅದು 27,000. ವರ್ಷವರ್ಷ ಬಾಡಿಗೆ ಏರುವ ಷರತ್ತು ಇದ್ದರೆ ಇನ್ನೂ ಹೆಚ್ಚು, ಮನೆ ಮಾರುವಾಗ ಕರಾರು ಬಿಡಿಸಿಕೊಳ್ಳಲು ಮತ್ತೊಂದು ದೊಡ್ಡ ಮೊತ್ತ. ಕೇಳದೆ ಮನೆ ಬಾಗಿಲಿಗೆ ಬಂದು ಫರ್ನೇಸ್, ಎಸಿ, ವಾಟರ್ ಹೀಟರ್ ಕರಾರು ಮಾಡಿಸುವುದನ್ನು ಒಂಟಾರಿಯೋ 2018ರ ಮಾರ್ಚಿನಲ್ಲೇ ನಿಷೇಧಿಸಿದೆ. ಇಂಥ ಬಾಡಿಗೆಯ ಹೆಸರಿನಲ್ಲಿ ಮನೆಯ ಆಸ್ತಿ ದಾಖಲೆಗೆ ನೋಟಿಸ್ ಅಂಟಿಸುವುದನ್ನು 2024ರ ಜೂನ್‌ನಲ್ಲಿ ನಿಲ್ಲಿಸಿತು. ನೀವೇ ಕರೆಸಿ ಮನೆಯಲ್ಲಿ ಸಹಿ ಹಾಕಿದ ಕರಾರನ್ನೂ 10 ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು.

ಇಷ್ಟೆಲ್ಲ ಕಾನೂನಿದ್ದರೂ ಹಗಲು ಹೊತ್ತಿನಲ್ಲಿ ಬಾಗಿಲು ತೆಗೆಯುವವರು ಊರಿನಿಂದ ಬಂದು ನಮ್ಮ ಜೊತೆಗಿರುವ ಅಪ್ಪ ಅಮ್ಮಂದಿರು. ಕೊರಳಲ್ಲಿ ಬ್ಯಾಡ್ಜ್ ಕಂಡರೆ ಸರ್ಕಾರದವರೆಂದು ಒಳಗೆ ಕರೆದು ಕೂರಿಸಿ, ಕಾಫಿ ಕೊಡುವವರು. “ಗ್ಯಾಸ್ ಬಿಲ್ ಸ್ವಲ್ಪ ತೋರಿಸಿ” ಎಂದು ಯಾರೇ ಕೇಳಲಿ, ತೋರಿಸಬೇಡಿ, ಸಂಜೆ ಮಕ್ಕಳು ಬರುತ್ತಾರೆ ಎಂದುಬಿಡಿ ಎಂದು ಅವರಿಗೆ ಇವತ್ತೇ ಹೇಳಿಡಿ.