ಔಷಧಕ್ಕೆ ಮುನ್ನ ಗಡ್ಡೆಯ ವಂಶವಾಹಿ ಪರೀಕ್ಷೆ

ರೋಗನಿರೋಧಕ ವ್ಯವಸ್ಥೆಗೆ ಸೇರಿದ ಟಿ-ಜೀವಕೋಶಗಳ ಮೇಲಿರುವ ಪಿಡಿ-1 ಎಂಬ ಪ್ರೋಟೀನು ಆ ಕೋಶಗಳು ಮಿತಿಮೀರಿ ಕೆರಳದಂತೆ ತಡೆಯುವ ಕಡಿವಾಣವಾಗಿದ್ದು, ಅನೇಕ ಕ್ಯಾನ್ಸರ್ ಗಡ್ಡೆಗಳು ಇದನ್ನೇ ಬಳಸಿಕೊಂಡು ದಾಳಿಯಿಂದ ಪಾರಾಗುತ್ತವೆ. ಇಂಥ ತಡೆಗಳನ್ನು ತೆಗೆದುಹಾಕಿ ಕ್ಯಾನ್ಸರನ್ನು ಎದುರಿಸುವ ಇಮ್ಯುನೊಥೆರಪಿಗೆ ದಾರಿ ತೆರೆದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಈ ದುಬಾರಿ ಔಷಧಗಳು ಎಲ್ಲರಿಗೂ ಫಲಿಸುವುದಿಲ್ಲ. ಯಾರಿಗೆ ಫಲಿಸಬಹುದೆಂಬುದರ ಸುಳಿವು ಬಹಳಷ್ಟು ಸಲ ಗಡ್ಡೆಯ ವಂಶವಾಹಿಗಳಲ್ಲಿಯೇ ಇರುತ್ತದೆ.

ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ನುಸುಳುವ ತಪ್ಪುಗಳನ್ನು ತಿದ್ದುವ ಕೆಲಸದಲ್ಲಿ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ನಾಲ್ಕು ವಂಶವಾಹಿಗಳು ಮುಖ್ಯವಾಗಿದ್ದು, ಇವುಗಳಲ್ಲೊಂದು ಕೆಟ್ಟರೂ ತಪ್ಪುಗಳು ರಾಶಿಬಿದ್ದು ವಿಕೃತ ಪ್ರೋಟೀನುಗಳು ಹುಟ್ಟುತ್ತವೆ ಮತ್ತು ಟಿ-ಜೀವಕೋಶಗಳು ಅವನ್ನು ಪರಕೀಯವೆಂದು ಸುಲಭವಾಗಿ ಗುರುತಿಸುತ್ತವೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ತಜ್ಞರ ನೇತೃತ್ವದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ದೋಷವಿದ್ದ 10 ಮಂದಿ ಕರುಳಿನ ಕ್ಯಾನ್ಸರ್ ರೋಗಿಗಳ ಪೈಕಿ 4 ಮಂದಿಯ ಗಡ್ಡೆಗಳು ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧದಿಂದ ಕುಗ್ಗಿದರೆ, ದೋಷವಿಲ್ಲದ 18 ಮಂದಿಯಲ್ಲಿ ಒಬ್ಬರಿಗೂ ಹಾಗಾಗಲಿಲ್ಲ. 2017ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯು, ಕ್ಯಾನ್ಸರ್ ಯಾವ ಅಂಗದಲ್ಲಿ ಹುಟ್ಟಿತೆಂಬುದನ್ನು ಬದಿಗಿಟ್ಟು, ಈ ದೋಷವನ್ನೇ ಆಧಾರವಾಗಿಸಿ ಔಷಧಕ್ಕೆ ಒಪ್ಪಿಗೆ ನೀಡಿದ್ದು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದೇ ಮೊದಲು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದಲ್ಲಿ ಇದೇ ದೋಷವುಳ್ಳ ಗುದನಾಳದ ಕ್ಯಾನ್ಸರಿಗೆ ಆರು ತಿಂಗಳು ಅದೇ ಬಗೆಯ ಡೊಸ್ಟಾರ್ಲಿಮ್ಯಾಬ್ ಔಷಧ ಪಡೆದ 12 ರೋಗಿಗಳ ಗಡ್ಡೆಗಳೂ ಶಸ್ತ್ರಕ್ರಿಯೆಯಾಗಲಿ ವಿಕಿರಣವಾಗಲಿ ಇಲ್ಲದೆ ಮರೆಯಾದ ವರದಿ 2022ರಲ್ಲಿ ಬಂದಿತು. ಸಂಖ್ಯೆ ಚಿಕ್ಕದಾದರೂ ಇಂಥ ಫಲಿತಾಂಶ ವೈದ್ಯಲೋಕಕ್ಕೆ ತೀರ ಅಪರೂಪದ್ದು.

ದೇಹದ ಬೇರೆಡೆಗೆ ಹರಡಿದ ಕರುಳಿನ ಕ್ಯಾನ್ಸರುಗಳಲ್ಲಿ ಈ ದೋಷ ಕಾಣುವುದು ಶೇ. 5ರ ಆಸುಪಾಸಿನಲ್ಲಿ ಮಾತ್ರ. ಆದರೂ ಪರೀಕ್ಷೆಯನ್ನು ಯಾರಿಗೂ ಕೈಬಿಡಬಾರದು. ಬಯಾಪ್ಸಿಯ ತುಣುಕಿಗೆ ವಿಶೇಷ ಬಣ್ಣ ಹಾಕಿ ನಾಲ್ಕು ಪ್ರೋಟೀನುಗಳಿವೆಯೇ ಎಂದು ನೋಡುವ ಈ ವಿಧಾನದ ಖರ್ಚು ಔಷಧದ ಬೆಲೆಯ ಮುಂದೆ ಏನೂ ಅಲ್ಲ. ದೋಷವು ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯಿಂದ ಬಂದಿದ್ದರೆ, ರೋಗಿಯ ಒಡಹುಟ್ಟಿದವರೂ ಮಕ್ಕಳೂ ರಕ್ತಪರೀಕ್ಷೆ ಮಾಡಿಸಿಕೊಂಡು ಮೊದಲೇ ಎಚ್ಚರ ವಹಿಸಬಹುದು.

ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪರೀಕ್ಷೆಯ ಪಾತ್ರ ಇದಕ್ಕೆ ತಿರುವುಮುರುವು. ಇಜಿಎಫ್‌ಆರ್ ಅಥವಾ ಎಎಲ್‌ಕೆ ವಂಶವಾಹಿಯ ಮಾರ್ಪಾಡಿನಿಂದ ಬೆಳೆದ ಗಡ್ಡೆಗೆ ಇಮ್ಯುನೊಥೆರಪಿ ಅಷ್ಟಾಗಿ ನಾಟುವುದಿಲ್ಲ, ಆ ಮಾರ್ಪಾಡಿಗೆಂದೇ ಇರುವ ಮಾತ್ರೆಗಳು ಮೊದಲ ಆಯ್ಕೆ. ವರದಿಗೆ ಕಾಯದೆ ಇಮ್ಯುನೊಥೆರಪಿ ಆರಂಭಿಸಿ, ಇಜಿಎಫ್‌ಆರ್ ಮಾರ್ಪಾಡು ತಿಳಿದ ಬಳಿಕ ಒಸಿಮರ್ಟಿನಿಬ್ ಮಾತ್ರೆಗೆ ಬದಲಾಯಿಸಿದರೆ ಶ್ವಾಸಕೋಶದ ಉರಿಯೂತದ ಅಪಾಯ ಹೆಚ್ಚುವುದರಿಂದ, ರೋಗಿಯ ಸ್ಥಿತಿ ಅವಕಾಶ ಕೊಟ್ಟರೆ ವರದಿ ಕೈಸೇರುವ ತನಕ ಕಾಯುವುದೇ ಲೇಸು.