ಕೊಳೆಯ ಪುನರಾಗಮನ

'ಅಂಬರ'ವೆಂದರೆ ಆಕಾಶ, ವಸ್ತ್ರವೂ ಹೌದು. ಕ್ರಿ.ಶ. 1060ರ ಶಾಸನವುಳ್ಳ ಶಿಲಾಹಾರ ಶಿವಾಲಯದಿಂದ ಪ್ರಸಿದ್ಧವಾದ ಅಂಬರನಾಥದ ನೆರೆಯ ಉಲ್ಹಾಸನಗರ ಜೀನ್ಸ್ ಉಡುಪಿಗೆ ಹೆಸರಾಯಿತು. ಜೀನ್ಸ್ ಬಟ್ಟೆಯ ಹಾಸು ನೀಲಿ, ಹೊಕ್ಕು ಬಿಳಿ. ತೊಳೆಯುವಾಗ ಹಾಸಿನಿಂದ ಕಳಚಿದ ಇಂಡಿಗೋ ಕಣಗಳು ಹೊಕ್ಕಿನ ಮೇಲೆ ಕುಳಿತು ಅದರ ಬಿಳುಪನ್ನು ಕೆಡಿಸುತ್ತವೆ. ಬಿಟ್ಟ ಕೊಳೆ ಮರಳಿ ಅಂಟುವ ವಿದ್ಯಮಾನಕ್ಕೆ ಇದೊಂದು ನಿದರ್ಶನ.

ಮಾರ್ಜಕದ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ಜಿಡ್ಡಿಗೆ. ಅಂಥ ಅಣುಗಳು ಕೊಳೆಯ ಕಣವನ್ನು ಸುತ್ತುವರಿದು ಎಳೆಯಿಂದ ಬಿಡಿಸುತ್ತವೆ. ಕ್ಷಾರೀಯ ದ್ರಾವಣದಲ್ಲಿ ಕಣವೂ ಎಳೆಯೂ ಸಾಮಾನ್ಯವಾಗಿ ಋಣ ವಿದ್ಯುದಂಶವನ್ನು ಪಡೆಯುವುದರಿಂದ ಪರಸ್ಪರ ದೂರ ಸರಿಯುತ್ತವೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಈ ವಿಕರ್ಷಣೆಯನ್ನು ಕುಗ್ಗಿಸಿದಾಗ ಕಣ ಮತ್ತೆ ಬಟ್ಟೆಯನ್ನು ಸೇರುತ್ತದೆ.

ಎಲ್ಲ ಬಟ್ಟೆಗಳೂ ಒಂದೇ ಬಗೆಯಲ್ಲಿ ಮಾಸುವುದಿಲ್ಲ. ಹತ್ತಿ ನೀರನ್ನು ಹೀರಿ ಉಬ್ಬುತ್ತದೆ; ಮಸಿ, ಮಣ್ಣಿನ ಸೂಕ್ಷ್ಮಕಣಗಳು ಅದರ ಎಳೆಗಳ ಸಂದಿನಲ್ಲಿ ಸಿಲುಕುತ್ತವೆ. ನೀರನ್ನೊಲ್ಲದ ಪಾಲಿಯೆಸ್ಟರ್ ಜಿಡ್ಡಿನ ಕೊಳೆಯನ್ನು ಸೆಳೆಯುತ್ತದೆ. ಇದರ ತಡೆಗೆಂದು ಮಾರ್ಜಕದಲ್ಲಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಬೆರೆಸುವುದುಂಟು. ಹತ್ತಿಯ ಸಗೋತ್ರವಾದ ಅದು ಹತ್ತಿಯೆಳೆಗೆ ಅಂಟಿಕೊಂಡು, ಋಣಾಂಶವನ್ನು ಹೆಚ್ಚಿಸಿ, ಕೊಳೆಯನ್ನು ದೂರವಿಡುತ್ತದೆ. ಪಾಲಿಯೆಸ್ಟರಿನ ಮೇಲೆ ಅಷ್ಟಾಗಿ ನಿಲ್ಲದು. ಅಲ್ಲಿ ಬೇರೆ ಬಗೆಯ ಪಾಲಿಮರುಗಳೇ ಬೇಕು.

ಆದರೆ ಬಟ್ಟೆಗೆ ಅಂಟದ ಕಣ ಇಲ್ಲವಾಗುವುದಿಲ್ಲ, ನೀರಿನೊಡನೆ ಹರಿಯುತ್ತದೆ. ಅಂಬರನಾಥದ ಶಿವಾಲಯದ ಮಗ್ಗುಲಲ್ಲಿ ಸಾಗುವ ವಾಲಧುನಿ ನದಿ ಕಾರ್ಖಾನೆಗಳ, ಜೀನ್ಸ್ ತೊಳೆಯುವ ಘಟಕಗಳ ತ್ಯಾಜ್ಯದಿಂದ ಮಲಿನಗೊಂಡುದು ಸರ್ವವಿದಿತ. ಒಗೆದ ಬಟ್ಟೆಯನ್ನೂ ಶುದ್ಧಿಯನ್ನೂ ಕನ್ನಡ 'ಮಡಿ' ಎಂಬ ಒಂದೇ ಮಾತಿನಿಂದ ಸೂಚಿಸುತ್ತದೆ; ಆ ಶುದ್ಧಿಯ ಲೆಕ್ಕದಲ್ಲಿ ನದಿಯೂ ಸೇರಬೇಕು.