ಆಸ್ಕರ್ ಊಹಿಸಬೇಕೇ? ಎರಡನೇ ಆಯ್ಕೆ ನೋಡಿ

ಹೆಚ್ಚು ನಾಮನಿರ್ದೇಶನ ಪಡೆದ ಚಿತ್ರವೇ ಆಸ್ಕರ್ ಗೆಲ್ಲುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಕಾಮರ್ಸ್ ವಿದ್ಯಾರ್ಥಿಯಾದ ನಾನು ಮೊದಲು ಮತ ಎಣಿಸುವ ರೀತಿ ನೋಡುತ್ತೇನೆ.

ಅತ್ಯುತ್ತಮ ಚಿತ್ರಕ್ಕಾಗಿ ಸದಸ್ಯರು 10 ಚಿತ್ರಗಳಿಗೆ ಇಷ್ಟದ ಕ್ರಮದಲ್ಲಿ 1, 2, 3 ಎಂದು ಅಂಕಿ ಹಾಕುತ್ತಾರೆ. ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಕೊನೆಯ ಚಿತ್ರವನ್ನು ಕೈಬಿಟ್ಟು, ಅದರ ಮತಗಳನ್ನು ಆಯಾ ಸದಸ್ಯರ ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಬಹುಮತ ಸಿಗುವವರೆಗೂ ಇದೇ ಲೆಕ್ಕ.

2022ರಲ್ಲಿ ‘ದಿ ಪವರ್ ಆಫ್ ದಿ ಡಾಗ್’ 12 ನಾಮನಿರ್ದೇಶನ ಪಡೆದಿತ್ತು. ಗೆದ್ದದ್ದು 3 ಪಡೆದಿದ್ದ ‘ಕೋಡಾ’. ಇದೇ ರೀತಿ ಮತ ಎಣಿಸುವ ಅಮೆರಿಕದ ನಿರ್ಮಾಪಕರ ಸಂಘ ಅದಕ್ಕೆ ಮೊದಲೇ ಪ್ರಶಸ್ತಿ ಕೊಟ್ಟಿತ್ತು. ಈ ಸುಳಿವೂ ತಪ್ಪಬಹುದು: 2020ರಲ್ಲಿ ಸಂಘ ‘1917’ ಆರಿಸಿತು, ಆಸ್ಕರ್ ‘ಪ್ಯಾರಸೈಟ್’ಗೆ ಹೋಯಿತು.

ಆದ್ದರಿಂದ ಊಹಿಸುವಾಗ, ನಮ್ಮ ಮನೆಯಲ್ಲಿ ಹೇಳುವ ಹಾಗೆ, ‘ಸಬ್‌ಕೀ ಪಸಂದ್’ ಆಗಿರುವ ಚಿತ್ರವನ್ನು ಹುಡುಕಿ.